ಕಣ್ಣಿಡುವ ಜಾಗ

ಸೂಜಿಯಣ್ಣ ಬೆಳಗಿನ ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿಕೊಂಡದ್ದೇ ಅವತ್ತಿನ ಎಲ್ಲ ರಾದ್ಧಾಂತಕ್ಕೂ ಮೂಲ. ಹಾಕಿಕೊಂಡದ್ದಷ್ಟೇ ಅಲ್ಲ, ಅರ್ಧ ಲೋಟ ಕುಡಿದೂ ಆಗಿತ್ತು. ಸಂತೋಷ ಹೆಚ್ಚಾಗಿ ನಾಲಿಗೆಗೆ ರುಚಿ ತಿಳಿದಿರಲಿಲ್ಲ, ಅಷ್ಟೇ. ಆದರೆ ಬೆಟ್ಟದ ಮೇಲಿನ ದೂರದರ್ಶಕ ಕೇಂದ್ರದಲ್ಲಿ ಅಡುಗೆ ಮಾಡುವ ಅಕ್ಕ ಇಂಥದ್ದನ್ನು ಅಷ್ಟಕ್ಕೇ ಬಿಡುವ ಪೈಕಿಯಲ್ಲ.

“ನಿನ್ನ ಕಣ್ಣು ಹೋಗಿದೆ ಕಣಪ್ಪಾ,” ಎಂದಳು. “ಮೂಗಿನ ಕೆಳಗಿರೋ ಡಬ್ಬಿ ಗುರುತು ಸಿಗಲ್ಲ, ಸಂಜೆ ದುರ್ಬೀನಲ್ಲಿ ಗೆಲಾಕ್ಸಿ ನೋಡ್ತಾನಂತೆ.”

ಸೂಜಿಯಣ್ಣ ಲೋಟ ಕೆಳಗಿಟ್ಟ. ಅವನ ಇಡೀ ಜೀವ ಆ ಸಂಜೆಯ ಮೇಲೇ ನಿಂತಿತ್ತು.

ಅವನ ಕೆಲಸ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಬೆನ್ನುನೋವು. ಅಗಲವಾದ ಅಲ್ಯುಮಿನಿಯಂ ತಟ್ಟೆಯೊಂದರಲ್ಲಿ ನೂರಾರು ಸಣ್ಣ ತೂತುಗಳಿರುತ್ತವೆ. ಒಂದೊಂದು ತೂತಿನ ನೇರಕ್ಕೆ ಆಕಾಶದಲ್ಲಿ ಒಂದೊಂದು ಗೆಲಾಕ್ಸಿ. ಹಗಲೆಲ್ಲ ಕೂತು ಆ ತೂತುಗಳಿಗೆ ಕೂದಲಿನಂಥ ಗಾಜಿನ ಎಳೆಗಳನ್ನು ಸಿಕ್ಕಿಸಬೇಕು. ಕತ್ತಲಾದ ಮೇಲೆ ಆ ತಟ್ಟೆಯನ್ನು ದೂರದರ್ಶಕಕ್ಕೆ ಜೋಡಿಸುತ್ತಾರೆ, ಬೆಳಕು ಎಳೆಯೊಳಗೆ ಇಳಿದು ಯಂತ್ರಕ್ಕೆ ಹೋಗುತ್ತದೆ, ಯಾವ ಗೆಲಾಕ್ಸಿ ಎಷ್ಟು ದೂರ ಎಂದು ಯಂತ್ರ ಹೇಳುತ್ತದೆ. ವಿಜ್ಞಾನಿ ಮೇಡಂ ಅದನ್ನೆಲ್ಲ ಕೂಡಿಸಿ ಗೋಡೆಯಗಲದ ನಕ್ಷೆ ಮಾಡಿಸುತ್ತಿದ್ದರು. ಗೆಲಾಕ್ಸಿಗಳು ಕಂಡಕಂಡಲ್ಲಿ ಚೆಲ್ಲಿಲ್ಲವಂತೆ. ಮನೆ ಮನೆ ಸೇರಿ ಊರಾದ ಹಾಗೆ, ಊರು ಊರು ಸೇರಿ ಸೀಮೆಯಾದ ಹಾಗೆ ಒಟ್ಟಾಗಿ, ಮಹಾಗುಚ್ಛಗಳಾಗಿ, ಗೋಡೆ ಕಟ್ಟಿಕೊಂಡಿವೆಯಂತೆ. ನಡುವೆ ಹೇಳತೀರದಷ್ಟು ಖಾಲಿ. ಅಕ್ಕ ಆ ನಕ್ಷೆ ನೋಡಿದವಳೇ, “ಇದಕ್ಕೆ ಇಷ್ಟು ಖರ್ಚಾ? ನನ್ನ ಪಾತ್ರೆ ತೊಳೆಯೋ ಬುಟ್ಟೀಲಿ ದಿನಾ ಇದೇ ನೊರೆ ಇರುತ್ತೆ,” ಎಂದಿದ್ದಳು.

ತಲೆಗೂದಲು ಕಪ್ಪಿದ್ದಾಗ ಕೆಲಸಕ್ಕೆ ಸೇರಿದ ಸೂಜಿಯಣ್ಣ ಆ ನೊರೆಯ ಬಹುಪಾಲನ್ನು ತನ್ನ ಬೆರಳ ತುದಿಯಿಂದಲೇ ಮುಟ್ಟಿದ್ದ. ಆದರೆ ಒಂದೇ ಒಂದು ಗೆಲಾಕ್ಸಿಯನ್ನೂ ಕಣ್ಣಾರೆ ಕಂಡಿರಲಿಲ್ಲ. ಬೆಟ್ಟದ ದಾರಿಯಲ್ಲಿ ಕತ್ತಲಾದ ಮೇಲೆ ಗಾಡಿಯ ದೀಪ ಹಾಕುವಂತಿಲ್ಲ, ದೂರದರ್ಶಕಕ್ಕೆ ತೊಂದರೆ. ಹಾಗಾಗಿ ಹಗಲಿನವರ ಜೀಪು ಹೊತ್ತು ಮುಳುಗುವ ಮೊದಲೇ ಇಳಿದುಬಿಡುತ್ತಿತ್ತು. ಕೆಳಗಿನ ಊರಿನಲ್ಲಿ ಬೀದಿದೀಪಗಳ ಮೇಲೆ ಆಕಾಶವಿದೆ ಎಂಬುದೇ ಒಂದು ನಂಬಿಕೆ. ಮದುವೆಮನೆಯಲ್ಲಿ ಪಾತ್ರೆ ತೊಳೆದು, ಹೆಣ್ಣು ಗಂಡಿನ ಮುಖ ನೋಡದೆ ಹಿತ್ತಿಲ ಬಾಗಿಲಿನಿಂದ ಮನೆಗೆ ಹೋಗುವವನ ಪಾಡು ಅವನದು.

“ಗೆಲಾಕ್ಸಿ ಹೇಗಿರುತ್ತೆ ಅಂತಾದ್ರೂ ಹೇಳಿ,” ಎಂದು ಹೆಂಡತಿ ಒಮ್ಮೆ ಕೇಳಿದ್ದಳು.

“ತೂತಿನ ಹಾಗಿರುತ್ತೆ,” ಎಂದಿದ್ದ. ಅವಳು ನಕ್ಕಳು. ಅವನಿಗೆ ನಗು ಬರಲಿಲ್ಲ.

ಈಗ ಆ ತೂತಿನ ಕೆಲಸವೂ ಮುಗಿಯಿತು. ಎಳೆ ಸಿಕ್ಕಿಸುವ ಯಂತ್ರ ಬಂದಿತ್ತು. ಇವತ್ತಿನದೇ ಕೈಯಿಂದ ಮಾಡುವ ಕೊನೆಯ ತಟ್ಟೆ, ನಾಳೆಯಿಂದ ಅವನಿಗೆ ಕೆಳಗಿನ ಕಚೇರಿಯ ಉಗ್ರಾಣದಲ್ಲಿ ಕೆಲಸ. ಮತ್ತೆ ಬೆಟ್ಟ ಹತ್ತುವ ಪ್ರಮೇಯವಿಲ್ಲ. ನಿನ್ನೆ ಹೊರಡುವಾಗ ಅವನು ಧೈರ್ಯ ಮಾಡಿ ಮೇಡಂ ಹತ್ತಿರ ಬಾಯಿಬಿಟ್ಟಿದ್ದ. ಮೇಡಂ ಕಂಪ್ಯೂಟರಿನಿಂದ ಮುಖ ಎತ್ತದೆಯೇ, “ಅದಕ್ಕೇನಂತೆ, ನಾಳೆ ಜೀಪು ತಡವಾಗಿ ಸಣ್ಣ ದೀಪದಲ್ಲೇ ಇಳೀಲಿ. ನೋಡ್ಕೊಂಡೇ ಹೋಗಿ,” ಎಂದಿದ್ದರು. ಉಪ್ಪಿನ ಚಹಾ ಕುಡಿಸಿದ್ದು ಆ ಮಾತು.

“ಜೀಪು ತರಕಾರಿಗೆ ಇಳೀತಿದೆ. ಕಣ್ಣಿನ ಡಾಕ್ಟರಿಗೆ ತೋರಿಸ್ಕೊಂಡು ಬಾ,” ಎಂದಳು ಅಕ್ಕ. “ಇರೋದು ಒಂದು ಸಲ. ಅಲ್ಲಿ ಹೋಗಿ ಏನೂ ಕಾಣ್ಲಿಲ್ಲ ಅಂದ್ರೆ ಜನ್ಮವಿಡೀ ಕೊರಗ್ತೀಯ.”

ಕೊನೆಯ ಮಾತು ನಾಟಿತು. ಹೋದ.

ಡಾಕ್ಟರು ಏನೂ ಕೇಳದೆ ಎರಡೂ ಕಣ್ಣಿಗೆ ಹನಿ ಬಿಟ್ಟು ಕೂರಿಸಿದರು. ಅರ್ಧ ಗಂಟೆ ಕಳೆದು ದೀಪ ಹಿಡಿದು ಇಣುಕಿದರು. “ನಿಮ್ಮ ವಯಸ್ಸಿಗೆ ಇಷ್ಟು ಒಳ್ಳೆ ಕಣ್ಣು ನಾನು ನೋಡೇ ಇಲ್ಲ. ಯಾರು ಹೇಳಿದ್ದು ನಿಮಗೆ ಬರೋಕೆ?”

“ಅಡುಗೆ ಅಕ್ಕ.”

“ಈ ಔಷಧಿಗೆ ಕಣ್ಣಿನ ಪಾಪೆ ಹಿಗ್ಗಿರುತ್ತೆ. ನೀರು ಸುರಿಯುತ್ತೆ, ಹತ್ತಿರದ್ದು ಕಾಣಲ್ಲ. ನಾಳೆ ಬೆಳಿಗ್ಗೆಗೆ ಸರಿಹೋಗುತ್ತೆ.”

“ನಾಳೆಯಾ? ಇವತ್ತು ಸಂಜೆ ನನಗೆ ಒಂದು ನೋಡೋದಿತ್ತಲ್ಲ ಡಾಕ್ಟ್ರೇ.”

“ಹತ್ತಿರದ್ದಾ, ದೂರದ್ದಾ?”

“ತುಂಬಾ ದೂರದ್ದು.”

“ಹಾಗಾದ್ರೆ ಚಿಂತೆ ಇಲ್ಲ ಬಿಡಿ. ದೂರದ್ದು ಸ್ವಲ್ಪ ಮಬ್ಬಾಗಬಹುದು, ಅಷ್ಟೇ.”

ಕಪ್ಪು ಕನ್ನಡಕ ಹಾಕಿಕೊಂಡು, ಅದರ ಕೆಳಗಿಂದ ಧಾರಾಕಾರ ನೀರು ಸುರಿಸುತ್ತ ಸೂಜಿಯಣ್ಣ ಜೀಪಿಳಿದಾಗ ಎದುರಿಗೇ ಸಿಕ್ಕವರು ಮ್ಯಾನೇಜರು. ಯಾರದಾದರೂ ಬೀಳ್ಕೊಡುಗೆ ಸಿಕ್ಕೀತೇ, ನಾಲ್ಕು ಮಾತಾಡಬಹುದೇ ಎಂದು ವರ್ಷಗಟ್ಟಲೆ ಕಾದವರು ಅವರು.

“ಅಳಬೇಡಿ,” ಎಂದು ಹೆಗಲು ಹಿಡಿದರು. “ಯಂತ್ರ ಬರಬಹುದು, ಮನುಷ್ಯನ ಬೆಲೆ ಹೋಗಲ್ಲ.”

“ಅಳ್ತಿಲ್ಲ ಸಾರ್. ಔಷಧಿ.”

“ಗಂಡಸರು ಹಾಗೇ ಹೇಳೋದು. ಅತ್ತುಬಿಡಿ.” ಈಗ ತಾನೇ ಅಳಬೇಡಿ ಎಂದದ್ದು ಅವರಿಗೆ ನೆನಪಿರಲಿಲ್ಲ. ಡ್ರೈವರಿಗೆ ವಿಷಯ ಗೊತ್ತಿದ್ದರೂ, ಮ್ಯಾನೇಜರು ಕಣ್ಣೊರೆಸಿಕೊಂಡದ್ದು ನೋಡಿ ಅವನೂ ಕಣ್ಣೊರೆಸಿಕೊಂಡ.

ತಟ್ಟೆಯ ಮುಂದೆ ಕೂತರೆ ತೂತುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಗಂಜಿಯಾಗಿದ್ದವು. ಅದಕ್ಕೆ ಅವನು ಅಂಜಲಿಲ್ಲ, ಬೆರಳಿಗೆ ದಾರಿ ಗೊತ್ತಿತ್ತು. ಆದರೆ ಹಿಂದೆಯೇ ಮೂರು ಜನ ಒಳಗೆ ಬಂದರು.

“ನೀನು ಎದ್ದೇಳು, ಇವತ್ತು ನಾವು ಮಾಡ್ತೀವಿ,” ಎಂದಳು ಅಕ್ಕ. “ಯಾವ ಎಳೆ ಯಾವ ತೂತಿಗೆ ಹೋದ್ರೂ ಸರಿ, ಒಂದೂ ಖಾಲಿ ಇರಬಾರದು. ಅಷ್ಟೇ ತಾನೆ? ನೀನೇ ಹೇಳ್ತಿದ್ದೆ.”

ಬೇಡವೆಂದರೆ ಕೇಳುವವರು ಯಾರು? ಅವನನ್ನು ಮೂಲೆಯ ಕುರ್ಚಿಗೆ ದೂಡಿದರು. ಅಕ್ಕ ಹಿಟ್ಟಿನ ಕೈಯಲ್ಲೇ ಎಳೆ ಹಿಡಿದಳು. ಮ್ಯಾನೇಜರು ಒಂದೊಂದು ತೂತಿಗೂ ಒಂದೊಂದು ಹಿತವಚನ ಹೇಳುತ್ತ ಸಿಕ್ಕಿಸಿದರು. ಡ್ರೈವರು ಮಾತ್ರ ಬಹಳ ಹೊತ್ತು ಸದ್ದಿಲ್ಲದೆ ಕೂತಿದ್ದ. ಅದೇ ಸೂಜಿಯಣ್ಣನಿಗೆ ಭಯ ಹುಟ್ಟಿಸಿದ್ದು.

ಅವರು ಕೈ ಝಾಡಿಸಿಕೊಂಡು ಹೋದಮೇಲೆ ತಟ್ಟೆಯ ಮೇಲೆ ಬೆರಳಾಡಿಸಿದ. ಒಂದು ಕಡೆ ಬೆರಳು ನಿಂತಿತು. ಎಳೆಯಲ್ಲ, ಹಲ್ಲುಕಡ್ಡಿ. ಪಕ್ಕದಲ್ಲಿ ಇನ್ನೊಂದು. ಎಳೆ ಮುರಿದಾಗಲೆಲ್ಲ ಡ್ರೈವರು ಜೇಬಿಗೆ ಕೈಹಾಕಿದ್ದ. ಎರಡು ಮಹಾಗುಚ್ಛಗಳ ನಡುವೆ ಗೋಡೆಯಿದೆಯೇ ಎಂದು ತಿಳಿಯುವುದಕ್ಕೆ ಮೇಡಂ ಕಾದು ಕೂತಿದ್ದ ತಟ್ಟೆ ಅದು. ಇವರ ಕೈಯಲ್ಲಿ ಆ ಗೋಡೆ ಮರದ್ದಾಗಿತ್ತು.

ಮೊದಲಿನಿಂದ ಎಲ್ಲವನ್ನೂ ಕಿತ್ತು, ಹಿಟ್ಟು ಒರೆಸಿ, ಮುರಿದವಕ್ಕೆ ಬೇರೆ ಎಳೆ ಹಾಕಿ, ಕುರುಡನ ಹಾಗೆ ತಡವುತ್ತ ಮತ್ತೆ ಸಿಕ್ಕಿಸಿದ. ಊಟ ಬಿಟ್ಟ. ಬೆನ್ನು ಬಿಲ್ಲಾಯಿತು. ಸಂಜೆ, ಸಂಜೆ ಎಂದು ಮನಸ್ಸು ಜಪಿಸುತ್ತಿತ್ತು. ಹೊರಗೆ ಬೆಳಕು ಕುಗ್ಗುವ ಹೊತ್ತಿಗೆ ಕೊನೆಯ ತೂತು ತುಂಬಿತು.

ಅಷ್ಟರಲ್ಲಿ ಮ್ಯಾನೇಜರು ಮೇಡಂ ಅವರನ್ನು ಕರೆತಂದಿದ್ದರು. “ಬೆಳಿಗ್ಗೆಯಿಂದ ಅಳ್ತಿದ್ದಾರೆ ಮೇಡಂ. ಇಲ್ಲೇ ಏನಾದ್ರೂ ಒಂದು ಕೆಲಸ...”

“ನನಗೆ ಕೆಲಸ ಬೇಡ ಮೇಡಂ,” ಎಂದ ಸೂಜಿಯಣ್ಣ. “ನೀವು ನೋಡ್ಕೊಂಡು ಹೋಗಿ ಅಂದಿದ್ರಿ. ಅಷ್ಟು ಮಾಡಿಸಿ ಸಾಕು.”

ಗುಮ್ಮಟದ ಬಾಗಿಲು ತೆರೆದರು. ದೂರದರ್ಶಕ ಮೂರಂತಸ್ತಿನ ಮನೆಯಷ್ಟು ಎತ್ತರಕ್ಕೆ ನಿಂತಿತ್ತು. ಸೂಜಿಯಣ್ಣ ಕನ್ನಡಕ ತೆಗೆದು, ಕೈ ಒರೆಸಿಕೊಂಡು, ಅದರ ಸುತ್ತ ಒಂದು ಸುತ್ತು ಬಂದ. ಆಮೇಲೆ ಇನ್ನೊಂದು ಸುತ್ತು ಬಂದ.

“ಏನು ಹುಡುಕ್ತಿದ್ದೀರಿ?” ಎಂದರು ಮೇಡಂ.

“ಕಣ್ಣಿಡೋ ಜಾಗ.”

ಮೇಡಂ ಅವನ ಹತ್ತಿರ ಬಂದರು. “ಇದಕ್ಕೆ ಅದಿಲ್ಲವಲ್ಲ,” ಎಂದರು ಮೆಲ್ಲಗೆ. “ಇದರಲ್ಲಿ ಯಾರೂ ನೋಡಲ್ಲ. ನಾನೂ ನೋಡಿಲ್ಲ. ನೋಡೋದು ನಿಮ್ಮ ಎಳೆಗಳು. ನಿನ್ನೆ ನಾನು ನೋಡಿ ಅಂದದ್ದು ಗೆಲಾಕ್ಸಿ ಬೆಳಕಿಂದ ಕಂಪ್ಯೂಟರಲ್ಲಿ ಬರೋ ಗೆರೆ.”

ಗೆರೆಯನ್ನೂ ತೋರಿಸಿದರು. ಆಸ್ಪತ್ರೆಯಲ್ಲಿ ಎದೆಬಡಿತ ಬರೆಯುವ ಕಾಗದದ ಹಾಗೆ ಮೇಲೆ ಕೆಳಗೆ ಕುಣಿಯುವ ಗೆರೆ. ಸೂಜಿಯಣ್ಣ “ಚೆನ್ನಾಗಿದೆ ಮೇಡಂ” ಎಂದ. ಆ ದನಿ ಕೇಳಿ ಮೇಡಂ ಎದ್ದುಬಿಟ್ಟರು.

“ಬನ್ನಿ ಹೊರಗೆ. ಬರಿಗಣ್ಣಿಗೆ ಕಾಣೋ ಗೆಲಾಕ್ಸಿ ಒಂದಿದೆ.”

ಅಂಗಳದಲ್ಲಿ ಕತ್ತಲು ಕವಿದಿತ್ತು. ಎಲ್ಲರೂ ಬಂದು ನಿಂತರು. “ಆ ಕಡೆ ನೋಡಿ,” ಎಂದರು ಮೇಡಂ. “ನಕ್ಷತ್ರಗಳೆಲ್ಲ ಚೂಪಾಗಿ ಕಾಣ್ತವೆ. ಅವುಗಳ ಮಧ್ಯೆ ಒಂದು ಮಾತ್ರ ಬೆರಳಲ್ಲಿ ಉಜ್ಜಿದ ಹಾಗೆ ಮಬ್ಬಾಗಿದೆ. ಆ ಮಬ್ಬೇ ಗೆಲಾಕ್ಸಿ.”

“ಓ, ಅಲ್ಲಿದೆ,” ಎಂದ ಡ್ರೈವರು.

“ನನಗೂ ಸಿಕ್ತು,” ಎಂದಳು ಅಕ್ಕ. “ಇಷ್ಟೇನಾ?”

ಮ್ಯಾನೇಜರಿಗೂ ಕಂಡಿತು.

ಸೂಜಿಯಣ್ಣ ತಲೆಯೆತ್ತಿ ನಿಂತಿದ್ದ. ಆಕಾಶದ ಈ ತುದಿಯಿಂದ ಆ ತುದಿಯವರೆಗೆ, ಸಾವಿರಗಟ್ಟಲೆ, ಎಲ್ಲವೂ ಮಬ್ಬು. ಚೂಪಾದದ್ದು ಒಂದಾದರೂ ಇದ್ದರೆ ತಾನೆ ಅದನ್ನು ಬಿಟ್ಟು ಉಳಿದದ್ದನ್ನು ಹುಡುಕುವುದು?

“ಕಂಡ್ತಾ?” ಎಂದರು ಮೇಡಂ.

“ಯಾವುದು ಅಲ್ಲ ಅಂತ ಹೇಳಿ ಮೇಡಂ,” ಎಂದ.

ಅವರಿಗೆ ಅರ್ಥವಾಯಿತು. ಅವನ ತೋರುಬೆರಳು ಹಿಡಿದು ಎತ್ತಿ, ಆಕಾಶಕ್ಕೆ ನೇರ ಮಾಡಿದರು. “ಇಲ್ಲೇ. ನಿಮ್ಮ ಉಗುರಿನ ತುದೀಲೇ ಇದೆ.”

ಬೆರಳು ಸರಿಯಾದ ಜಾಗಕ್ಕೇ ಹೋಗಿತ್ತು. ಅಲ್ಲಿ ಏಳೆಂಟು ಮಬ್ಬುಗಳು ಒಂದೇ ತರಹ ನಗುತ್ತಿದ್ದವು. ಡ್ರೈವರು ಜೀಪು ಶುರು ಮಾಡಿ ಹಾರನ್ ಹೊಡೆದ. ಯಾವುದಕ್ಕೂ ಇರಲಿ ಎಂದು ಸೂಜಿಯಣ್ಣ ಒಂದನ್ನೂ ಬಿಡದೆ, ಎಲ್ಲವನ್ನೂ ಒಂದೊಂದಾಗಿ ನೋಡತೊಡಗಿದ.