ಅಜ್ಜ ಹೊಡೆದ ಏಟುಗಳು

ತೀರಿಹೋದವರ ಬಗ್ಗೆ ಹತ್ತು ನಿಮಿಷ ಮಾತಾಡುವುದು ಏನು ಮಹಾ ಎಂದುಕೊಂಡಿದ್ದೆ. ನಡುವೆ ಎದ್ದು ‘ಹಾಗಲ್ಲಪ್ಪಾ’ ಎನ್ನಬಲ್ಲವರು ಅವರೊಬ್ಬರೇ, ಅವರಂತೂ ಬರುವುದಿಲ್ಲ. ಆದರೆ ಅವರ ಹೆಂಡತಿ ಗಟ್ಟಿಮುಟ್ಟಾಗಿ ಇರುತ್ತಾರೆ ಎಂಬುದನ್ನು ಮರೆತಿದ್ದೆ. ನನಗೆ ಮರೆವು ಹೊಸದಲ್ಲ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಓದಿ ನಾನು ಕಲಿತದ್ದು ಒಂದೇ: ಕಣ್ಣಾರೆ ಕಂಡೆ ಎನ್ನುವವನನ್ನು ಸುಲಭಕ್ಕೆ ನಂಬಬಾರದು. ಆ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ. ನಿನ್ನೆ ಉಂಡ ಪಲ್ಯ ಯಾವುದೆಂದು ಕೇಳಿದರೂ ಡೈರಿ ತೆಗೆದು ನೋಡುತ್ತೇನೆ. ಹೆಂಡತಿಯೊಡನೆ ಮಾತಿಗೆ ಮಾತು ಬೆಳೆದಾಗಲೂ ಒಮ್ಮೆ ಹಾಗೆ ತೆಗೆದು ನೋಡಿದ್ದೆ. ಅದರಿಂದ ಮನೆಯಲ್ಲಿ ನನ್ನ ಬೆಲೆಯೇನೂ ಹೆಚ್ಚಲಿಲ್ಲ.

ಅಜ್ಜ ಗೋವಾದ ವಾಸ್ಕೊದಲ್ಲಿ ಮೂವತ್ತು ವರ್ಷ ಕನ್ನಡ ಶಾಲೆಯ ಮಾಸ್ತರರಾಗಿದ್ದರು. ಬಂದರಿನಲ್ಲಿ ಅದಿರು ತುಂಬುವವರ, ಗಾರೆ ಕೆಲಸದವರ ಮಕ್ಕಳೇ ಶಾಲೆಯ ತುಂಬ. ಅಪ್ಪ ಅವ್ವ ಬೆಳಗಾಗುವ ಮೊದಲೇ ಕೆಲಸಕ್ಕೆ ಹೋಗಿಬಿಡುತ್ತಿದ್ದರಿಂದ ಮಕ್ಕಳನ್ನು ಎಬ್ಬಿಸಿ, ಮುಖ ತೊಳೆಸಿ ಕರೆತರುವುದೂ ಮಾಸ್ತರರ ಪಾಲಿಗೆ ಬಿದ್ದಿತ್ತು. ಅದಕ್ಕೂ ಮೊದಲು ಅಜ್ಜಿಗಾಗಿ ನಲ್ಲಿಯ ಮುಂದೆ, ಹೆಂಗಸರ ಸಾಲಿನಲ್ಲಿ, ಎರಡು ಕೊಡ ಹಿಡಿದು ನಿಲ್ಲುತ್ತಿದ್ದರು. ಅಲ್ಲಿನ ಬೈನಾ ಕಡಲತೀರದ ಕನ್ನಡಿಗರ ಮನೆಗಳನ್ನು ಸರ್ಕಾರ ಕೆಡವಿದ ವರ್ಷ ಅವರ ಅರ್ಧ ತರಗತಿ ಚೆಲ್ಲಾಪಿಲ್ಲಿಯಾಯಿತು. ನಿವೃತ್ತಿಗೆ ಒಂದೇ ವರ್ಷವಿತ್ತು, ಸುಮ್ಮನಿರಬಹುದಿತ್ತು. ಹಾಜರಿ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿ ಒಬ್ಬೊಬ್ಬರನ್ನೇ ಹುಡುಕಿದರು. ಒಬ್ಬಳು ದೂರದ ಸಾಂಖಳಿಯಲ್ಲಿ ಸಿಕ್ಕಳು. ಅವಳನ್ನು ಅಲ್ಲಿಯೇ ಒಂದು ಶಾಲೆಗೆ ಸೇರಿಸಿ ಬಂದರು. ಇದು ಡೈರಿಯಲ್ಲಿದೆ, ಆದ್ದರಿಂದ ನಂಬಬಹುದು.

ಅವರು ತೀರಿಕೊಂಡು ವರ್ಷವಾಗುತ್ತಲೇ ಹಳೆಯ ವಿದ್ಯಾರ್ಥಿಗಳು ಒಂದು ಸಭೆ ಇಟ್ಟುಕೊಂಡರು. ಅಜ್ಜಿ ವೇದಿಕೆಯ ಮೇಲೆ ಕೂಡಬೇಕು, ನಾನು ಮಾತಾಡಬೇಕು. ನನಗೆ ನೆನಪುಗಳನ್ನು ಒದಗಿಸಲು ಒಂದು ಭಾನುವಾರ ಇಬ್ಬರು ಮನೆಗೆ ಬಂದರು: ಬಂದರಿನಲ್ಲಿ ಟಿಪ್ಪರ್ ಓಡಿಸುವ ಯಲ್ಲಪ್ಪ, ಸ್ವಂತ ಟೆಂಪೊ ಇಟ್ಟುಕೊಂಡ ದಾವಲ್.

“ಮಾಸ್ತರು ಅಂದ್ರ ಛಡೀರಿ,” ಎಂದು ಯಲ್ಲಪ್ಪ ಬೆರಳು ತೋರಿಸಿದ. “ನೋಡ್ರಿ, ಇನ್ನೂ ಸೊಟ್ಟ ಐತಿ. ಹದಿನೇಳರ ಮಗ್ಗಿ.”

“ಲೇ, ಅದು ಟಿಪ್ಪರ್ ಬಾಗಲದಾಗ ಸಿಕ್ಕ ಬೆರಳಲೇ,” ಎಂದ ದಾವಲ್. “ನನ್ನ ಬೆನ್ನ ಮ್ಯಾಲೆ ಎರಡು ಛಡಿ ಮುರದಾವು. ಬರಕೋರಿ ಸರ್, ಎರಡು.”

ಚಹಾ ತಂದ ಅಜ್ಜಿ ಬಾಗಿಲಲ್ಲೇ ನಿಂತಳು. “ಯಾರು ಮುರದ್ರು?”

“ಮಾಸ್ತರ್ರೀ ಅವ್ವಾರ. ಭಾಳ ಹೊಡೀತಿದ್ರು. ದೇವರಂಥಾ ಮನಷ್ಯಾ.”

“ನಮ್ಮನಿಯವರು ಸೊಳ್ಳಿ ಕಡದ್ರೂ ಊದಿ ಓಡಸ್ತಿದ್ರು. ಅವರು ಛಡಿ ಹಿಡದದ್ದು ನಾ ಕಂಡಿಲ್ಲ.”

“ನಿಮಗ ಗೊತ್ತಿಲ್ರಿ. ಶಾಲ್ಯಾಗ ಅವರು ಬ್ಯಾರೇನ ಇದ್ರು.”

ಐವತ್ತು ವರ್ಷ ಸಂಸಾರ ಮಾಡಿದ ಹೆಂಗಸಿಗೆ, ನಿನ್ನ ಗಂಡ ಹೊರಗೆ ಬೇರೆಯೇ ಇದ್ದ ಎಂದು ಹೇಳಬಾರದು. ಅಜ್ಜಿ ಚಹಾದ ತಟ್ಟೆಯನ್ನು ಹಾಗೆಯೇ ಒಳಗೆ ಒಯ್ದಳು. ಅವರು ಹೋದಮೇಲೆ ನನಗೆ ತೀರ್ಪು ಬಂತು: “ಅವರ ಮ್ಯಾಲೆ ಸುಳ್ಳ ಹೊರಸಿದ್ರ ನಾ ಸಭಾಕ್ಕ ಬರಂಗಿಲ್ಲ. ಯಾರಿಗೂ ಹೊಡದವರಲ್ಲ ಅಂತ ನೀನ ಹೇಳಬೇಕು.” ಅಜ್ಜಿಯಿಲ್ಲದೆ ಅಜ್ಜನ ಸಭೆ ಹೇಗಾದೀತು? ಯಲ್ಲಪ್ಪನಿಗೆ ಫೋನು ಮಾಡಿ, ಏಟಿನ ಮಾತು ಬಿಡೋಣ ಎಂದೆ. ಅವನು ಹೇಳಿದ: “ನಾ ಶಾಲಿಗೆ ಹೋದ್ನೋ ಬಿಟ್ನೋ ನಮ್ಮಪ್ಪಗ ಗೊತ್ತ ಇರ್ತಿದ್ದಿಲ್ರಿ. ತಪ್ಪಿದ್ರ ಹೊಡಿಯಾಕ ನನಗೂ ಒಬ್ಬರಿದ್ರು ಅಂತ ಎಲ್ಲಾರಿಗೂ ಹೇಳಕೋತ ಬಂದೇನಿ. ಅದನ್ನೂ ಕಸಗೋತೀರೇನ್ರಿ?”

ಡೈರಿಗಳ ಪೆಟ್ಟಿಗೆ ಇಳಿಸಿದೆ. ನನಗೆ ಹತ್ತು ವರ್ಷವಾದಾಗ ಮೊದಲ ಡೈರಿ ಕೊಡಿಸಿದವರು ಅಜ್ಜನೇ. “ಕಂಡದ್ದಷ್ಟ ಬರಿ, ಅನಿಸಿದ್ದು ಆಮ್ಯಾಲೆ,” ಎಂದಿದ್ದರು. ಎರಡು ದಿನ ಹುಡುಕಿದರೂ ಅಜ್ಜನ ಛಡಿ ಒಂದು ಪುಟದಲ್ಲೂ ಸಿಗಲಿಲ್ಲ. ಸಿಕ್ಕಿದ್ದು ಬೇರೆ. ಮನೆಯಲ್ಲಿ ದೀಪವಿಲ್ಲದ ಹುಡುಗರನ್ನು ಅಜ್ಜ ಸಂಜೆ ನಮ್ಮ ಮನೆಗೇ ಕರೆತಂದು ಓದಿಸುತ್ತಿದ್ದರು. ಅಂಥದೊಂದು ಸಂಜೆಯ ಬಗ್ಗೆ ನನ್ನ ದುಂಡನೆಯ ಅಕ್ಷರಗಳಲ್ಲಿ ಹೀಗಿತ್ತು: ‘ಇವತ್ತು ಅಜ್ಜಿ ಯಲ್ಲಪ್ಪನಿಗೆ ಲಟ್ಟಣಿಗೆಯಿಂದ ಹೊಡೆದಳು. ದಾವಲ್‌ಗೂ. ಅಜ್ಜ ನಡುವೆ ಹೋಗಿ ನಿಂತರು.’ ಮುಂದಿನ ಪುಟಗಳಲ್ಲಿ ಲಟ್ಟಣಿಗೆ ಇನ್ನೂ ಆರು ಸಲ ಬರುತ್ತದೆ.

ಅಜ್ಜಿಗೆ ಓದಿ ಹೇಳಿದೆ. ಹೆಸರುಕಾಳು ಆರಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ. “ಮತ್ತ? ಹದಿನೈದು ಹುಡುಗರು ಮನ್ಯಾಗ ಗದ್ದಲಾ ಹಾಕಿದ್ರ ಅವರು ನಕ್ಕೋತ ಕುಂದರತಿದ್ರು. ಯಾರರೆ ಒಬ್ಬರು ಹೊಡೀಬೇಕಲ್ಲ.”

“ಹಂಗಾದ್ರ ಸಭಾದಾಗ ಇದನ್ನ ಹೇಳಲೇನು?”

ಈಗ ಕೈ ನಿಂತಿತು. ಯಲ್ಲಪ್ಪ ಫೋನಿನಲ್ಲಿ ಹೇಳಿದ್ದನ್ನೂ ಹೇಳಿದೆ. ಅಜ್ಜಿ ಮೊರದಲ್ಲಿದ್ದ ಕಾಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದಳು, ಮತ್ತೆ ಈ ಕಡೆಗೆ ತಂದಳು. “ಇರಲಿ ಬಿಡು,” ಎಂದಳು ಕೊನೆಗೆ. “ಇದ್ದಾಗಂತೂ ಒಬ್ಬರಿಗೂ ಹೊಡೀಲಿಲ್ಲ. ಈಗರೆ ಒಂದಿಷ್ಟು ಹೊಡೀಲಿ.”

ಇಳಕಲ್ ಸೀರೆಯುಟ್ಟು ಅಜ್ಜಿ ವೇದಿಕೆಯ ಮೇಲೆ ಕುಳಿತಳು. ಮೈಕು ಸಿಕ್ಕಿದ್ದೇ ದಾವಲ್‌ನ ಎರಡು ಛಡಿಗಳು ಐದಾದವು. ಒಂದೊಂದು ಮುರಿದಾಗಲೂ ಅಜ್ಜಿ ಎದುರಿಗಿದ್ದು ನೋಡಿದವಳಂತೆ ತಲೆಯಾಡಿಸಿದಳು. ಯಲ್ಲಪ್ಪ ಸೊಟ್ಟ ಬೆರಳನ್ನೆತ್ತಿ ಎಲ್ಲರಿಗೂ ತೋರಿಸಿ ಕೆಳಗಿಳಿದ. ನನ್ನ ಸರದಿ ಬಂದಾಗ ಅಜ್ಜಿ ಮೊದಲು ಹೇಳಿದಂತೆ ಬರೆದಿಟ್ಟಿದ್ದ ಭಾಷಣದಲ್ಲಿ ‘ಅಜ್ಜ ಯಾರಿಗೂ ಹೊಡೆದವರಲ್ಲ’ ಎಂಬ ಸಾಲಿನ ಹತ್ತಿರ ಬಂದೆ, ಒಂದು ಗುಟುಕು ನೀರು ಕುಡಿದೆ, ಮುಂದಿನ ಸಾಲಿಗೆ ಹೋದೆ.

ಸಭೆ ಮುಗಿದು ಚಹಾ ಕುಡಿಯುವಾಗ ದಾವಲ್ ಎಲ್ಲರ ಮುಂದೆ ಕೇಳಿದ: “ಸರ್, ನೀವಂತೂ ಸ್ವಂತ ಮೊಮ್ಮಗ. ನಿಮಗೆಷ್ಟು ಬಿದ್ದಿದ್ವು?” ಸುತ್ತ ನಿಂತವರೆಲ್ಲ ನನ್ನ ಕಡೆ ತಿರುಗಿದರು. ಇಡೀ ಸಭೆಯಲ್ಲಿ ಮಾಸ್ತರರ ಒಂದು ಏಟೂ ಸಿಗದ ಬಡಪಾಯಿ ನಾನೊಬ್ಬನೇ ಆಗುವುದು ಹೇಗೆ?

“ಮೂರು,” ಎಂದೆ.

“ನಾಕು,” ಎಂದು ಪಕ್ಕದ ಕುರ್ಚಿಯಿಂದ ಅಜ್ಜಿ ತಿದ್ದಿದಳು. ಆ ನಾಲ್ಕನೆಯ ಏಟಿಗಾಗಿ ಮತ್ತೊಮ್ಮೆ ಡೈರಿ ತೆಗೆದು ನೋಡುವ ಧೈರ್ಯ ನನಗೆ ಇನ್ನೂ ಬಂದಿಲ್ಲ.