ಇಪ್ಪತ್ತೈದಕ್ಕೆ ವಾಸಿಯಾಗುವ ಸಕ್ಕರೆ ಕಾಯಿಲೆ

ಹನ್ನೊಂದನೇ ವಯಸ್ಸಿಗೇ ಸಕ್ಕರೆ ಕಾಯಿಲೆ ಅಂಟಿಸಿಕೊಂಡವಳ ಬಾಳಿನಲ್ಲಿ ತಮಾಷೆಗೆ ಬರವಿಲ್ಲ, ನಗುವ ತಾಳ್ಮೆಗಷ್ಟೇ ಬರ. ಚೆನ್ನೈನಲ್ಲಿ ಆರೋಗ್ಯ ವಿಮೆ ಮಾಡಿಸಲು ಹೊರಟ ಮೇಲಂತೂ ವಾರಕ್ಕೊಂದು ಪ್ರಸಂಗ ಗ್ಯಾರಂಟಿ.

ಹುಟ್ಟುಹಬ್ಬ

ಅಪ್ಪ ಬ್ಯಾಂಕಿನವರು. ನಾನು ಆಸ್ಪತ್ರೆ ಸೇರಿದಾಗಲೆಲ್ಲ ಅವರ ಆಫೀಸಿನ ವಿಮೆಯೇ ಕಾಪಾಡುತ್ತಿತ್ತು. ನನಗೆ ಇಪ್ಪತ್ತೈದು ತುಂಬಿದ ದಿನ ಅಮ್ಮ ಪಾಯಸ ಮಾಡಿದಳು, ನನಗಲ್ಲ, ಬಂದವರಿಗೆ. ಅಷ್ಟರಲ್ಲಿ ಮೊಬೈಲಿಗೆ ಸಂದೇಶ ಬಂತು: ಜನ್ಮದಿನದ ಶುಭಾಶಯಗಳು, ಮಕ್ಕಳ ವಯೋಮಿತಿ ಮುಗಿದ ಕಾರಣ ಇಂದಿನಿಂದ ನೀವು ತಂದೆಯವರ ವಿಮೆಯಲ್ಲಿ ಇರುವುದಿಲ್ಲ.

ಕೂಡಲೇ ವಿಮೆ ಕಂಪನಿಗೆ ಫೋನ್ ಮಾಡಿದೆ. "ಇಪ್ಪತ್ತೈದಾದ್ರೆ ಶುಗರ್ ವಾಸಿಯಾಗತ್ತಾ ಸರ್?"

ಆತ ಬಹಳ ಮರ್ಯಾದಸ್ಥ. "ವಾಸಿಯಾದ್ರೆ ನಮಗೂ ತಿಳಿಸಿ ಮೇಡಂ, ರೆಕಾರ್ಡಲ್ಲಿ ಬರ್ಕೋತೀವಿ."

ಆ ರಾತ್ರಿ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಇನ್ನೊಂದು ಸಲ ಸಕ್ಕರೆ ವಿಪರೀತ ಏರಿ ಐಸಿಯು ಸೇರಿದರೆ ಅಪ್ಪ ಕೂಡಿಟ್ಟಿದ್ದೆಲ್ಲ ಅಲ್ಲೇ ಮುಗಿದುಹೋಗುತ್ತದೆ. ಹೇಗಾದರೂ ನನ್ನದೇ ಒಂದು ಪಾಲಿಸಿ ಬೇಕಿತ್ತು.

ಏಜೆಂಟ್ ಮಾಮಾ

ಟಿ. ನಗರದ ನಮ್ಮ ಬೀದಿಯಲ್ಲಿ ಅರ್ಧ ಜನರಿಗೆ ವಿಮೆ ಮಾಡಿಸಿದ ಮಾಮಾ ಒಬ್ಬರಿದ್ದಾರೆ. ಫಾರಂ ಹಿಡಿದು ಬಂದರು.

"ಶುಗರ್ ಇದೆ ಅಂತ ಬರೀಬೇಡ ಪುಟ್ಟಿ. ನೋಡಕ್ಕೆ ಲಕ್ಷಣವಾಗೇ ಇದ್ದೀಯಲ್ಲ!"

"ದಿನಕ್ಕೆ ನಾಲ್ಕು ಸಲ ಸೂಜಿ ಚುಚ್ಕೋತೀನಲ್ಲ ಮಾಮಾ?"

"ಅದನ್ನ ರೂಮಿಗೆ ಹೋಗಿ ಚುಚ್ಕೋ."

ನನಗೆ ಗಂಡು ಹುಡುಕಲು ಶುರುಮಾಡಿದಾಗಲೂ ಇವರು ಅಮ್ಮನಿಗೆ ಕೊಟ್ಟಿದ್ದು ಇದೇ ಸಲಹೆ. ಗಂಡಿನ ಕಡೆಯವರಿಗೂ ಸುಳ್ಳು, ಕಂಪನಿಗೂ ಸುಳ್ಳು ಎಂದರೆ ಯಾರಿಗೆ ಏನು ಹೇಳಿದ್ದೇನೆಂದು ನಾನೇ ಒಂದು ಪಟ್ಟಿ ಇಟ್ಟುಕೊಳ್ಳಬೇಕಾಗುತ್ತದೆ. ಹಟ ಹಿಡಿದು ಇದ್ದದ್ದನ್ನೇ ಬರೆದೆ. ಎರಡು ಕಂಪನಿಗಳು ತಿರಸ್ಕರಿಸಿದವು. ಮಾಮಾ ಅಮ್ಮನ ಹತ್ತಿರ, "ಹುಡುಗಿಗೆ ಶುಗರ್‌ಗಿಂತ ಬಾಯಿ ಜಾಸ್ತಿ" ಅಂದರಂತೆ.

ಐಸ್ ಪೆಟ್ಟಿಗೆ

ನನ್ನ ಗೆಳತಿಯೊಬ್ಬಳು ರಾಯಪುರಂನವಳು. ನನಗಿಂತ ಎರಡು ವರ್ಷ ಚಿಕ್ಕವಳು, ಕಾಯಿಲೆ ಮಾತ್ರ ಅದೇ. ಟಿ. ನಗರದ ಸೀರೆ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡುತ್ತಾಳೆ. ಸರ್ಕಾರಿ ಆಸ್ಪತ್ರೆಯಲ್ಲಿ ಇನ್ಸುಲಿನ್ ಪುಕ್ಕಟೆ ಸಿಗುತ್ತದೆ, ಆದರೆ ಅಲ್ಲಿ ಸಾಲಿನಲ್ಲಿ ನಿಂತ ದಿನ ಅಂಗಡಿಯ ಸಂಬಳ ಇಲ್ಲ. ಮನೆಯಲ್ಲಿ ಫ್ರಿಜ್ ಕೂಡ ಇಲ್ಲ. ಹಾಗಾಗಿ ಮೀನು ಮಾರುವ ಅವಳಮ್ಮ ಮೀನಿನ ಐಸ್ ಪೆಟ್ಟಿಗೆಯ ಮೂಲೆಯಲ್ಲಿ, ಸ್ಟೀಲ್ ಡಬ್ಬಿಯಲ್ಲಿ ಬಟ್ಟೆ ಸುತ್ತಿ ಇನ್ಸುಲಿನ್ ಇಡುತ್ತಾರೆ.

"ನಾನು ಇಂಜೆಕ್ಷನ್ ತಗೊಳ್ಳೋ ಹೊತ್ತು ಬೀದಿ ಬೆಕ್ಕುಗಳಿಗೆಲ್ಲ ಗೊತ್ತು ಅಕ್ಕಾ," ಅಂದಳು. ನಗಬಾರದಿತ್ತು, ನಕ್ಕುಬಿಟ್ಟೆ.

ನಾನು ನನ್ನ ಎರಡು ತಿರಸ್ಕಾರ ಪತ್ರಗಳನ್ನು ತೋರಿಸಿ ಗೋಳಾಡಿದೆ. ಅವಳು ಎರಡನ್ನೂ ತಿರುಗಿಸಿ ನೋಡಿದಳು. "ನಿನಗೆ ಬೇಡ ಅನ್ನೋಕಾದ್ರೂ ಕಾಗದ ಬರೆದಿದ್ದಾರೆ. ನಮ್ಮ ಬೀದಿಗೆ ಬೇಡ ಅನ್ನೋಕೂ ಯಾರೂ ಬರಲ್ಲ."

ಆಮೇಲೆ ನಾನು ಗೋಳಾಡಲಿಲ್ಲ.

ಉಚಿತ ತಪಾಸಣೆ

ಮೂರನೆಯ ಕಂಪನಿ ಒಪ್ಪಿತು! ಅಪ್ಪ ಪಾಲಿಸಿಯನ್ನು ದೇವರ ಮುಂದಿಟ್ಟು ತೆಗೆದು ಓದಿದರು. ಡೆಂಗ್ಯೂ ಬಂದರೆ ಕೊಡುತ್ತಾರೆ, ಕಾಲು ಮುರಿದರೆ ಕೊಡುತ್ತಾರೆ, ಹಾವು ಕಚ್ಚಿದರೂ ಕೊಡುತ್ತಾರೆ. ಸಕ್ಕರೆ ಕಾಯಿಲೆಗೆ ಮತ್ತು ಅದರಿಂದಾಗುವ ಯಾವುದಕ್ಕೂ ಕೊಡುವುದಿಲ್ಲ.

"ಹಾವಿನ ವಿಷಯದಲ್ಲಿ ಇನ್ನು ಚಿಂತೆಯಿಲ್ಲ," ಅಂದರು ಅಪ್ಪ. ಅವರ ಮುಖ ನೋಡಿ ನನಗೆ ಅಳು ಬಂತು.

ಕೊನೆಯ ಪುಟದಲ್ಲಿ ಒಂದು ಬಳುವಳಿ ಇತ್ತು: ವರ್ಷಕ್ಕೊಮ್ಮೆ ಉಚಿತ ರಕ್ತ ತಪಾಸಣೆ. ಇವರಿಂದ ಅಷ್ಟಾದರೂ ವಸೂಲಾಗಲಿ ಎಂದು ಹಲ್ಲು ಕಚ್ಚಿಕೊಂಡು ಹೋಗಿ ರಕ್ತ ಕೊಟ್ಟು ಬಂದೆ. ಎರಡು ದಿನ ಬಿಟ್ಟು ಕಂಪನಿಯ ಡಾಕ್ಟರಮ್ಮನ ಫೋನು.

"ಮೇಡಂ, ಪಕ್ಕದಲ್ಲಿ ಮನೆಯವರು ಯಾರಾದ್ರೂ ಇದ್ದಾರಾ? ಸ್ವಲ್ಪ ಕೂತ್ಕೊಳ್ಳಿ."

ಕೂತೆ.

"ನಿಮಗೆ ಡಯಾಬಿಟಿಸ್ ಇದೆ."

ಹದಿನಾಲ್ಕು ವರ್ಷದಿಂದ ಚುಚ್ಚಿಸಿಕೊಂಡ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಸುಮ್ಮನಿದ್ದೆ. ಪಾಪ, ಆಕೆಗೆ ನಾನು ಕುಸಿದುಹೋದೆನೆಂದೇ ಅನ್ನಿಸಿರಬೇಕು.

"ಗಾಬರಿಯಾಗಬೇಡಿ ಮೇಡಂ," ಅಂದರು ಮೃದುವಾಗಿ, "ಶುರುವಿನಲ್ಲೇ ಕಂಡುಹಿಡಿದುಬಿಟ್ಟಿದ್ದೀವಿ!"