ಮಾವನ ಬಾವಿ

…ಅಥವಾ ಬಾವಿ ಇದ್ದದ್ದು ಗೇಟಿನ ಬಲಕ್ಕೋ? ಮಾವ ಹಾಗೆ ಹೇಳಿದ್ದರೆಂದು ನನ್ನ ನೆನಪು. ಆದರೆ ಅವರ ಕತೆ ಕೇಳಿ ಬೆಳೆದವರ ನೆನಪನ್ನು ನಂಬುವ ಹಾಗಿಲ್ಲ. ಮುಲುಂಡಿನ ಇತಿಹಾಸ ನನ್ನ ಸೋದರಮಾವನಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಇರುವುದಾದರೂ ಹೇಗೆ? ಅದರಲ್ಲಿ ಅರ್ಧವನ್ನು ಅವರೇ ತಯಾರಿಸಿದ್ದು!

ಉಡುಪಿ ಕಡೆಯಿಂದ ಬಂದು ಆಯುಷ್ಯವಿಡೀ ದೋಸೆಕಲ್ಲಿನ ಮುಂದೆ ನಿಂತವರು. ಅವರ ಮಟ್ಟಿಗೆ ಊರಿನ ನಕ್ಷೆಯೆಂದರೆ ಮುಚ್ಚಿಹೋದ ಹೋಟೆಲುಗಳು. ರಿಕ್ಷಾದವನಿಗೆ, "ಗೋಲಿಬಜೆ ಮಿಲ್ತಾ ಥಾ ನಾ, ಉಧರ್ ಸೇ ಲೆಫ್ಟ್" ಎನ್ನುತ್ತಾರೆ. ಗೋಲಿಬಜೆ ಸಿಗುತ್ತಿದ್ದ ಆ ಹೋಟೆಲು ಮುಚ್ಚಿದಾಗ ರಿಕ್ಷಾದವನು ಹುಟ್ಟಿರಲಿಲ್ಲ. ಗೊತ್ತಿಲ್ಲವೆಂದರೆ ಸಿಟ್ಟು, ಇಳಿದು ಬೇರೆ ರಿಕ್ಷಾ. ನನ್ನ ಮದುವೆಗೆ ಹೀಗೆ ಮೂರು ರಿಕ್ಷಾ ಬಿಟ್ಟು ನಡೆದೇ ಬಂದರು. ಅಷ್ಟರಲ್ಲಿ ಧಾರೆ ಮುಗಿದಿತ್ತು. ತಪ್ಪು ಮದುವೆ ಹಾಲ್‌ನದಂತೆ. "ಮೊದಲು ಇದು ಇಲ್ಲಿ ಇರಲೇ ಇಲ್ಲ."

ನಮ್ಮ ಹಳೆಯ ಬಿಲ್ಡಿಂಗ್ ಕೆಡವಿದ ಬಿಲ್ಡರ್, ತಗಡಿನ ಬೇಲಿಯ ಮೇಲೆ ಜಾಗದ ಚರಿತ್ರೆ ಬರೆಸಿದ್ದ: ಇಲ್ಲಿ ಹಿಂದೆ ಬರೀ ಬಂಜರು ನೆಲವಿತ್ತು. ಮಾವ ದಿನಾ ಬೆಳಿಗ್ಗೆ ಅದರೆದುರು ನಿಂತು, ಲೋಕಲ್ ರೈಲು ಹಿಡಿಯಲು ಓಡುವವರನ್ನು ತಡೆಯತೊಡಗಿದರು.

"ಬಂಜರು ಅಂತೆ. ಬಿಲ್ಡಿಂಗಿಗೂ ಮೊದಲು ನಮ್ಮ ಹೋಟೆಲ್ ಇದ್ದದ್ದು ಇಲ್ಲೇ. ಅದರ ಹಿಂದೆ ಬಾವಿ ಉಂಟು, ಈಗ ಮಣ್ಣು ಮುಚ್ಚಿದೆ. ಕಟ್ಟೆಯಲ್ಲಿ ನಮ್ಮ ಭಾವ ತಮ್ಮ ಹೆಸರು ಕೆತ್ತಿದ್ದಾರೆ."

ಭಾವ ಎಂದರೆ ನನ್ನ ಅಪ್ಪ. ನನಗೆ ಎರಡು ವರ್ಷವಾದಾಗ ತೀರಿಕೊಂಡವರು. ಒಂದು ಫೋಟೋ ಕೂಡ ಇಲ್ಲ. ಮಾವನ ಕತೆಗಳಲ್ಲಿ ಮಾತ್ರ ಇದ್ದಾರೆ: ಒಂದರಲ್ಲಿ ಆ ಬಾವಿಯಿಂದ ನೀರು ಸೇದುತ್ತಾರೆ, ಇನ್ನೊಂದರಲ್ಲಿ ಹಿಟ್ಟು ರುಬ್ಬುತ್ತಾರೆ, ಸೋಮವಾರ ಕುಳ್ಳ, ಗುರುವಾರ ಎತ್ತರ. ಕೆತ್ತಿದ ಆ ಹೆಸರು ಸಿಕ್ಕರೆ ಅಪ್ಪನ ಬಗ್ಗೆ ಒಂದಾದರೂ ನಿಜ ನನ್ನದಾಗುತ್ತದೆಂದು ಆಫೀಸಿಗೆ ರಜೆ ಹಾಕಿ ಹೋದೆ.

ಜೆಸಿಬಿ ಓಡಿಸುವವನು ಕಲಬುರಗಿ ಕಡೆಯವನು, ಪುಣ್ಯಾತ್ಮ. ಮಾವ ತೋರಿಸಿದಲ್ಲಿ ಅಗೆದ. ಮಣ್ಣು. ಮಾವ ನಾಲ್ಕು ಹೆಜ್ಜೆ ಸರಿದು ತೋರಿಸಿದರು. ಮತ್ತೆ ಮಣ್ಣು. ಆಮೇಲೆ ಗೇಟಿನ ಎಡಕ್ಕೆ ನಡೆದರು.

"ಅಜ್ಜಾರ, ನಿಮ್ಮ ಬಾವಿಗಿ ಕಾಲು ಅದಾವೇನ್ರಿ?" ಎಂದ ಜೆಸಿಬಿಯವನು.

ನನಗೆ ನಗು ಬರಲಿಲ್ಲ. "ಎಷ್ಟು ಸುಳ್ಳು ಮಾವ? ಅಪ್ಪ ಕುಳ್ಳಗಿದ್ದರೋ ಎತ್ತರವಿದ್ದರೋ, ಅದನ್ನಾದರೂ ಹೇಳಿ" ಎಂದು ರಸ್ತೆಯಲ್ಲೇ ಕಿರುಚಿದೆ.

ಅವರಿಗೂ ಸಿಟ್ಟು ಬಂತು. "ಸಣ್ಣವನಿರುವಾಗ ದಿನಾ ಕೇಳ್ತಿದ್ದೆ, ಅಪ್ಪನ ಕತೆ ಹೇಳಿ, ನಿನ್ನೆಯದ್ದು ಬೇಡ, ಹೊಸತು ಬೇಕು ಅಂತ. ನನಗೆ ಗೊತ್ತಿದ್ದದ್ದು ನಾಲ್ಕು ದಿನಕ್ಕೆ ಮುಗಿಯಿತು ಮಾರಾಯ. ಮತ್ತೆ ಎಂತ ಹೇಳುವುದು? ಅಪ್ಪ ಮುಗಿದರು ಅಂತಲಾ?"

ಸ್ವಲ್ಪ ಹೊತ್ತಿನ ಮೇಲೆ, ಆ ಮೊದಲ ನಾಲ್ಕು ಯಾವುವು ಎಂದು ಕೇಳಿದೆ.

"ಎಲ್ಲ ಕಲಸಿಹೋಗಿದೆ" ಎಂದರು ಮಾವ.

ನಾನು ಹಾಗೆ ಕೇಳುತ್ತಿದ್ದೆನೇ? ನೆನಪಿಲ್ಲ. ಬಾವಿ ಇತ್ತೇ? ಗೊತ್ತಿಲ್ಲ. ಅಪ್ಪ ಎಷ್ಟು ಎತ್ತರವಿದ್ದರು, ಅದೂ ಗೊತ್ತಿಲ್ಲ.